ಶಾಲೆಯ ಬ್ಯಾಂಡ್, ಊರಿನ ದಫ್: ಒಂದು ವರ್ಷದೊಳಗಿನ ಚರಿತ್ರೆ



ಆಗಸ್ಟ್ 15ರ ಬೆಳಿಗ್ಗೆಯನ್ನು ನೆನಪಿಸಿಕೊಳ್ಳಿ. ರಾತ್ರಿಯಿಡೀ ಸುರಿದ ಮಳೆ ಆಗಷ್ಟೇ ನಿಂತಿದೆ. ಅಜೆಕಾರಿನಂತಹ ಊರಿನ ರಸ್ತೆಯಲ್ಲಿ ಹೈಸ್ಕೂಲಿನ ಬ್ಯಾಂಡ್ ತಂಡ ಮುಂದೆ, ಧ್ವಜ ಹಿಡಿದ ಮಕ್ಕಳು ಹಿಂದೆ. ನಿಮ್ಮಲ್ಲಿ ಕೆಲವರು ಆ ಡ್ರಮ್ಮನ್ನು ಹೆಗಲಿಗೆ ಹಾಕಿಕೊಂಡು ನಡೆದವರೇ ಇರಬಹುದು. ಆದರೆ ಆ ಡ್ರಮ್ ಎಲ್ಲಿಂದ ಬಂತೆಂದು ಎಂದಾದರೂ ಯೋಚಿಸಿದ್ದೀರಾ? ಚರಿತ್ರೆಯೆಂದರೆ ರಾಜರ ಯುದ್ಧಗಳ ಇಸವಿ ಮಾತ್ರವಲ್ಲ. ನಿಮ್ಮ ಹೆಗಲ ಮೇಲಿನ ವಾದ್ಯಕ್ಕೂ ಒಂದು ಚರಿತ್ರೆಯಿದೆ.

ಬ್ಯಾಂಡ್ ಮತ್ತು ನೃತ್ಯ ತಂಡದ ವರ್ಷ ಪಠ್ಯಪುಸ್ತಕದ ವರ್ಷದಂತೆಯೇ ಕ್ರಮಬದ್ಧವಾದುದು. ಜೂನ್‌ನಲ್ಲಿ ಶಾಲೆ ತೆರೆದ ಮೇಲೆ ತಂಡದ ಆಯ್ಕೆ, ಜುಲೈಯಲ್ಲಿ ಸಂಜೆಯ ಅಭ್ಯಾಸ, ಆಗಸ್ಟ್‌ನಲ್ಲಿ ಸ್ವಾತಂತ್ರ್ಯೋತ್ಸವ. ಬಳಿಕ ಪ್ರತಿಭಾ ಕಾರಂಜಿ, ನವೆಂಬರ್ 1ರ ರಾಜ್ಯೋತ್ಸವ, ಕ್ರೀಡಾಕೂಟದ ಪಥಸಂಚಲನ, ವಾರ್ಷಿಕೋತ್ಸವ, ಜನವರಿ 26. ಅಷ್ಟಾದ ಮೇಲೆ ವಾದ್ಯಗಳು ಕಪಾಟು ಸೇರುತ್ತವೆ, ಮಕ್ಕಳು ಪರೀಕ್ಷೆಗೆ ಕೂರುತ್ತಾರೆ.

ಬ್ಯಾಂಡ್ ಇಂಗ್ಲಿಷರದ್ದು, ದಫ್ ನಮ್ಮದು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಬ್ಯಾಂಡಿನ ದೊಡ್ಡ ಡ್ರಮ್ ಮತ್ತು ಕಂಚಿನ ತಾಳಗಳು ಯುರೋಪಿನ ಸೈನ್ಯಕ್ಕೆ ಬಂದದ್ದು ತುರ್ಕಿಯಿಂದ! ಉಸ್ಮಾನಿ ಸುಲ್ತಾನರ ಸೈನ್ಯದ ಮುಂದೆ ಸಾಗುತ್ತಿದ್ದ ಮೆಹ್ತರ್ ವಾದ್ಯತಂಡದ ಸದ್ದನ್ನು ಕೇಳಿದ ಯುರೋಪಿನ ದೊರೆಗಳು 18ನೇ ಶತಮಾನದಲ್ಲಿ ಅದೇ ವಾದ್ಯಗಳನ್ನು ತಮ್ಮ ಪಡೆಗಳಿಗೆ ಸೇರಿಸಿಕೊಂಡರು. ಮೊಜಾರ್ಟ್ 1782ರಲ್ಲಿ ಬರೆದ ಸಂಗೀತ ನಾಟಕವೊಂದರಲ್ಲಿ ಈ ತುರ್ಕಿ ವಾದ್ಯಗಳ ಸದ್ದಿದೆ. ನಾವು ಕನ್ನಡದಲ್ಲಿ ಹೇಳುವ 'ನಗಾರಿ'ಯೂ ಅರಬಿಯ 'ನಕ್ಕಾರಾ' ಎಂಬ ಪದದಿಂದ ಬಂದುದೇ. ಪೂರ್ವದಿಂದ ಹೋದದ್ದು ಪಶ್ಚಿಮವನ್ನು ಸುತ್ತಿ ಬ್ರಿಟಿಷ್ ಪಲ್ಟನ್ನಿನ ಜೊತೆ ಮತ್ತೆ ಪೂರ್ವಕ್ಕೇ ಬಂತು.

ಕನ್ನಡ ನಾಡಿನಲ್ಲಿ ಇದಕ್ಕೆ ದೊಡ್ಡ ಆಶ್ರಯ ಸಿಕ್ಕಿದ್ದು ಮೈಸೂರು ಅರಮನೆಯಲ್ಲಿ. ಅಲ್ಲಿ ಇಂಗ್ಲಿಷ್ ಬ್ಯಾಂಡಿನ ಜೊತೆಗೆ ಕರ್ನಾಟಕ ಸಂಗೀತದ ಬ್ಯಾಂಡೂ ಬೆಳೆಯಿತು. ಇಂದಿಗೂ ದಸರಾ ಮೆರವಣಿಗೆಯಲ್ಲಿ ಪೊಲೀಸ್ ಬ್ಯಾಂಡಿನ ರೂಪದಲ್ಲಿ ಆ ಪರಂಪರೆ ಉಳಿದಿದೆ. ಬ್ಯಾಂಡಿನ ಜೊತೆಗಾರನಾದ ಕವಾಯತು ಶಾಲೆಗಳಿಗೆ ಬಂದ ದಾರಿ ಬೇರೆ. 1909ರಲ್ಲಿ ಬೆಂಗಳೂರಿನಲ್ಲಿ ಸ್ಕೌಟ್ ದಳ ಆರಂಭವಾದಾಗ ಅದರಲ್ಲಿ ಭಾರತೀಯ ಮಕ್ಕಳಿಗೆ ಸ್ಥಾನವಿರಲಿಲ್ಲ. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು 1923ರಲ್ಲಿ ಹಿಂದೂಸ್ತಾನಿ ಸೇವಾದಳ ಕಟ್ಟಿ, ಶಿಸ್ತಿನ ನಡೆಯನ್ನು ಸ್ವಾತಂತ್ರ್ಯ ಚಳವಳಿಯ ಸ್ವಯಂಸೇವಕರಿಗೆ ಕಲಿಸಿದರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಅವರ ದಳ ದುಡಿಯಿತು. 1948ರಲ್ಲಿ ಎನ್.ಸಿ.ಸಿ., 1950ರಲ್ಲಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಬಂದವು. ಒಂದು ಕಾಲದಲ್ಲಿ ನಮ್ಮ ಮಕ್ಕಳನ್ನು ಹೊರಗಿಟ್ಟ ಕವಾಯತು ಹೀಗೆ ಎಲ್ಲ ಮಕ್ಕಳದ್ದಾಯಿತು.

ಇನ್ನು ದಫ್. ಮರದ ಬಳೆಯ ಒಂದು ಬದಿಗೆ ಆಡಿನ ಚರ್ಮ ಬಿಗಿದ ಸರಳ ವಾದ್ಯವಿದು. ವಾದ್ಯಗಳ ಕುರಿತು ಉಲಮಾಗಳಲ್ಲಿ ಭಿನ್ನಾಭಿಪ್ರಾಯಗಳಿದ್ದರೂ ಮದುವೆ, ಹಬ್ಬಗಳ ದಫ್‌ಗೆ ಹಿಂದಿನಿಂದಲೂ ವಿಶೇಷ ಸ್ಥಾನವಿದೆ. ಕರಾವಳಿಯಲ್ಲಿ ರಿಫಾಯಿ ರಾತೀಬಿನ ಜೊತೆಗೂ ಇದು ಬೆಳೆದಿದೆ. ಉಸ್ತಾದರು ಒಂದು ಸಾಲು ಹಾಡುತ್ತಾರೆ, ತಂಡ ಅದನ್ನೇ ಮರಳಿ ಹಾಡುತ್ತದೆ. ಮೊದಲು ಮಂಡಿಯೂರಿ ನಿಧಾನವಾಗಿ, ಬಳಿಕ ಎದ್ದುನಿಂತು, ಬಾಗುತ್ತಾ ಬಳುಕುತ್ತಾ ವೇಗವಾಗಿ. ಹಾಡು ಅರಬಿಯದ್ದಿರಬಹುದು, ಅರಬಿ-ಮಲಯಾಳದ್ದಿರಬಹುದು, ಬ್ಯಾರಿಯದ್ದಿರಬಹುದು. ಕೋಲು ಹಿಡಿದು ಆಡುವ ಕೋಲ್ಕಳಿಯನ್ನು ನೋಡಿದವರಿಗೆ ನಮ್ಮ ಕೋಲಾಟ ನೆನಪಾಗದಿರದು.

ಘಟ್ಟದ ಬುಡದ ನಮ್ಮ ಊರುಗಳಲ್ಲಿ ದಫ್‌ಗೆ ಮಳೆಗಾಲವೇ ಪರೀಕ್ಷೆ. ತೇವಕ್ಕೆ ಚರ್ಮ ಸಡಿಲಾದರೆ ಸದ್ದು ಸತ್ತುಹೋಗುತ್ತದೆ. ಬೆಂಕಿಯ ಶಾಖಕ್ಕೆ ಹಿಡಿದು ಬಿಸಿ ಮಾಡಬೇಕು. ಎಷ್ಟು ಹತ್ತಿರ, ಎಷ್ಟು ಹೊತ್ತು ಎಂಬುದು ಉಸ್ತಾದರ ಕೈಗೆ ಗೊತ್ತು, ಪುಸ್ತಕದಲ್ಲಿಲ್ಲ. ಬ್ಯಾಂಡಿನ ಡ್ರಮ್‌ಗಾದರೆ ಪ್ಲಾಸ್ಟಿಕ್ ಹೊದಿಕೆ ಬಂದಿದೆ, ತಿರುಪು ಬಿಗಿದರೆ ಸಾಕು.

ಇಲ್ಲಿಯೇ ನಾವು ಚಿಂತಿಸಬೇಕಾದ ವಿಷಯವಿರುವುದು. ನೆರೆಯ ಕೇರಳದಲ್ಲಿ 1957ರಲ್ಲಿ ಆರಂಭವಾದ ಶಾಲಾ ಕಲೋತ್ಸವದಲ್ಲಿ ಇಂದು ದಫ್, ಕೋಲ್ಕಳಿ, ಒಪ್ಪನ, ಬ್ಯಾಂಡ್ ಎಲ್ಲಕ್ಕೂ ಪ್ರತ್ಯೇಕ ಸ್ಪರ್ಧೆಗಳಿವೆ. ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳಿಗೂ ಆ ವೇದಿಕೆಯಿದೆ. ನಮ್ಮಲ್ಲಿ ಪ್ರತಿಭಾ ಕಾರಂಜಿಯಲ್ಲಿ ಕವಾಲಿಗೆ ಜಾಗ ಸಿಕ್ಕಿದೆ, 2007ರಲ್ಲಿ ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿಯೂ ಸ್ಥಾಪನೆಯಾಗಿದೆ. ಆದರೂ ದಫ್‌ನ ಎಷ್ಟೋ ಹಾಡುಗಳು ಮತ್ತು ಹೆಜ್ಜೆಗಳು ಹಿರಿಯರ ನೆನಪಿನಲ್ಲಷ್ಟೇ ಇವೆ. ಒಬ್ಬ ಉಸ್ತಾದರು ತೀರಿಕೊಂಡರೆ ಒಂದು ಗ್ರಂಥಾಲಯವೇ ಮುಚ್ಚಿದಂತೆ.

ಶಾಲಾ ತಂಡದ ಕಥೆಯೂ ಇದಕ್ಕಿಂತ ಬೇರೆಯಲ್ಲ. ಹೈಸ್ಕೂಲ್ ಎಂದರೆ ಮೂರೇ ವರ್ಷ. ಎಂಟನೆಯಲ್ಲಿ ಸೇರಿದವರು ಹತ್ತನೆಗೆ ಬಂದಾಗ ಎಸ್.ಎಸ್.ಎಲ್.ಸಿ.ಯ ಭಯದಿಂದ ಮನೆಯವರು ಬಿಡಿಸುತ್ತಾರೆ. ಆ ಭಯವನ್ನು ತಪ್ಪೆನ್ನಲಾಗದು. ಆದರೆ ಒಂಬತ್ತನೆಯವರು ಎಂಟನೆಯವರಿಗೆ ಕಲಿಸದೇ ಹೋದರೆ ಮರುವರ್ಷದ ತಂಡ ಮತ್ತೆ ಅ ಆ ಇ ಈಯಿಂದಲೇ ಆರಂಭಿಸಬೇಕಾಗುತ್ತದೆ. ಎರಡು ವರ್ಷ ಹೀಗಾದರೆ ಡ್ರಮ್ ಕಪಾಟಿನಲ್ಲೇ ಉಳಿಯುತ್ತದೆ.

ಆದುದರಿಂದ ನಿಮ್ಮಲ್ಲಿ ಒಂದು ಸಣ್ಣ ವಿನಂತಿ. ಈ ವರ್ಷ ನಿಮ್ಮ ತಂಡಕ್ಕೊಂದು ನೋಟು ಪುಸ್ತಕ ಇಡಿ. ಯಾರು ಕಲಿಸಿದರು, ಯಾವ ತಾಳ, ಯಾವ ಹಾಡು, ಯಾವ ಹೆಜ್ಜೆ ಎಂಬುದನ್ನು ದಿನಾಂಕ ಸಹಿತ ಬರೆಯಿರಿ. ಮನೆಯ ಹಿರಿಯರಿಗೆ ಗೊತ್ತಿರುವ ದಫ್ ಹಾಡನ್ನು ಕೇಳಿ ಬರೆದುಕೊಳ್ಳಿ, ಮೊಬೈಲಿನಲ್ಲಿ ಧ್ವನಿಯನ್ನೂ ಹಿಡಿದಿಡಿ. ಶಾಲೆ ಬಿಡುವಾಗ ಆ ಪುಸ್ತಕವನ್ನು ಡ್ರಮ್ಮಿನ ಜೊತೆಗೆ ಕಿರಿಯರ ಕೈಗೆ ಕೊಡಿ. ತುರ್ಕಿಯಿಂದ ಅಜೆಕಾರಿನವರೆಗೆ ವಾದ್ಯ ಬಂದದ್ದು ಹೀಗೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತಲೇ ಅಲ್ಲವೇ?