ಜೋಳವಾಳಿಯಿಂದ ಬೀಸುಕಲ್ಲಿನವರೆಗೆ: ಕನ್ನಡ ನಾಡಿನಲ್ಲಿ ಉಪಕಾರಸ್ಮರಣೆ

ಕೃತಜ್ಞತೆ ಎಂಬ ಪದ ಕನ್ನಡಕ್ಕೆ ಸಂಸ್ಕೃತದಿಂದ ಬಂದದ್ದು. ತನಗಾಗಿ ಇತರರು ಮಾಡಿದ್ದನ್ನು ಅರಿತಿರುವುದು ಎಂಬುದು ಅದರ ಮೂಲಾರ್ಥ. ಗ್ರಂಥಭಾಷೆಯಲ್ಲಿ ಅದು ಎಷ್ಟೇ ಬಳಕೆಯಲ್ಲಿದ್ದರೂ ಊರುಕೇರಿಯ ಮಾತಿನಲ್ಲಿ ಆ ಸ್ಥಾನವನ್ನು ಹಿಡಿದುಕೊಂಡು ಬಂದಿರುವ ಪದ ಋಣ. ಅನ್ನದ ಋಣ, ನೀರಿನ ಋಣ, ಮಣ್ಣಿನ ಋಣ ಎಂದು ಜನ ಹೇಳುವಾಗ ಮನಸ್ಸಿನಲ್ಲಿ ಮೂಡಿ ಮರೆಯಾಗುವ ಒಂದು ಭಾವವನ್ನಲ್ಲ, ತೀರಿಸಬೇಕಾದ, ಆದರೆ ಪೂರ್ತಿಯಾಗಿ ಎಂದೂ ತೀರದ ಒಂದು ಬಾಕಿಯನ್ನು ಸೂಚಿಸುತ್ತಾರೆ. ಉಪ್ಪು ಕೊಟ್ಟವರನ್ನು ಮುಪ್ಪಿನ ತನಕ ನೆನೆ ಎಂಬ ಗಾದೆಯೂ, ಉಂಡ ಮನೆಯ ಜಂತೆ ಎಣಿಸಬಾರದು ಎಂಬ ಗಾದೆಯೂ ಈ ಬಾಕಿಯನ್ನು ಊಟದ ಲೆಕ್ಕದಲ್ಲಿಯೇ ಹೇಳುತ್ತವೆ. ಉಪಕಾರ ಪಡೆದವರು ಧನ್ಯವಾದ ಎನ್ನುವುದು ಹಳ್ಳಿಯ ರೂಢಿಯಲ್ಲ. ನಿಮ್ಮ ಹೊಟ್ಟೆ ತಣ್ಣಗಿರಲಿ ಎಂದೋ, ನಿಮ್ಮ ಹೆಸರಿನಲ್ಲಿ ದೀಪ ಹಚ್ಚುತ್ತೇವೆ ಎಂದೋ ಹರಸುವುದು ರೂಢಿ, ಮತ್ತು ಈ ಎರಡನೆಯ ಮಾತಿನಲ್ಲಿ ಸಂಜೆಯಾದೊಡನೆ ಮಾಡಬೇಕಾದ ಒಂದು ಕೆಲಸವೇ ಅಡಗಿದೆ. ಕನ್ನಡ ನಾಡಿನಲ್ಲಿ ಉಪಕಾರಸ್ಮರಣೆಯ ಚರಿತ್ರೆಯನ್ನು ಹುಡುಕುವವರು ಆದ್ದರಿಂದ ಭಾವನೆಗಳ ವರ್ಣನೆಗಿಂತ ನಿತ್ಯದ ಆಚರಣೆಗಳನ್ನು, ಅದರಲ್ಲಿಯೂ ಉಣ್ಣುವ ಮೊದಲಿನ ಗಳಿಗೆಯನ್ನು ಗಮನಿಸಬೇಕಾಗುತ್ತದೆ.

ಋಣದ ಕಲ್ಪನೆಗೆ ವೈದಿಕ ಹಿನ್ನೆಲೆಯಿದೆ. ಬ್ರಾಹ್ಮಣನು ಹುಟ್ಟುವಾಗಲೇ ಋಷಿಗಳಿಗೂ ದೇವತೆಗಳಿಗೂ ಪಿತೃಗಳಿಗೂ ಸಾಲಗಾರನಾಗಿರುತ್ತಾನೆ ಎಂದು ತೈತ್ತಿರೀಯ ಸಂಹಿತೆ ಹೇಳಿದರೆ, ಶತಪಥ ಬ್ರಾಹ್ಮಣವು ಇವುಗಳ ಜೊತೆಗೆ ಸಹಮನುಷ್ಯರಿಗೆ ಸಲ್ಲಬೇಕಾದ ನಾಲ್ಕನೆಯ ಋಣವನ್ನೂ ಸೇರಿಸುತ್ತದೆ. ಗೃಹಸ್ಥನು ದಿನದಿನವೂ ಮಾಡಬೇಕಾದ ಪಂಚಮಹಾಯಜ್ಞಗಳು, ಅಂದರೆ ಅಧ್ಯಯನ, ಪಿತೃತರ್ಪಣ, ಹೋಮ, ಪ್ರಾಣಿಪಕ್ಷಿಗಳಿಗೆ ಬಲಿಯನ್ನ ಮತ್ತು ಅತಿಥಿಸತ್ಕಾರ ಎಂಬ ಐದು ಕರ್ಮಗಳು, ಈ ಬಾಕಿಯನ್ನು ಕಂತುಕಂತಾಗಿ ಸಲ್ಲಿಸುವ ವ್ಯವಸ್ಥೆಯಾಗಿ ಬೆಳೆದವು. ಇಂದಿಗೂ ಹಲವು ಮನೆಗಳಲ್ಲಿ ಎಲೆಯ ಸುತ್ತ ನೀರು ತಿರುಗಿಸಿ, ಬಲಗಡೆಯಲ್ಲಿ ನಾಲ್ಕು ಅಗುಳು ಇಟ್ಟು ಊಟಕ್ಕೆ ತೊಡಗುವ ಚಿತ್ರಾಹುತಿಯ ಪದ್ಧತಿಯಾಗಲಿ, ಉಂಡೇಳುವಾಗ ಅನ್ನವಿಟ್ಟವರು ಸುಖವಾಗಿರಲಿ ಎಂದು ಹರಸುವ ವಾಡಿಕೆಯಾಗಲಿ ಆ ಜಾಡಿನಲ್ಲಿಯೇ ಬಂದದ್ದು. ಆದರೆ ಕನ್ನಡ ಸಮಾಜದ ಬಹುಪಾಲು ಈ ಶಾಸ್ತ್ರದ ಹೊರಗೆಯೇ ಬದುಕಿತು. ಅದರ ಕೃತಜ್ಞತೆಯ ಸ್ವರೂಪವನ್ನು ಅರಿಯಲು ಶಾಸನಗಳ ಕಡೆಗೂ ಕಣಗಳ ಕಡೆಗೂ ತಿರುಗುವುದು ಹೆಚ್ಚು ಫಲಕಾರಿ.

ಹಳಗನ್ನಡದ ಕಾಲದಲ್ಲಿ ಈ ಋಣಕ್ಕೆ ಇದ್ದ ಅಚ್ಚಗನ್ನಡದ ಹೆಸರು ಜೋಳವಾಳಿ, ಎಂದರೆ ತನಗೆ ಜೋಳವಿಟ್ಟು ಸಾಕಿದವನ ಬಗೆಗೆ ಉಂಡವನು ಪಾಲಿಸಬೇಕಾದ ನಿಷ್ಠೆ. ಸುಮಾರು 941ರಲ್ಲಿ ರಚಿತವಾದ ಪಂಪನ ವಿಕ್ರಮಾರ್ಜುನ ವಿಜಯದಲ್ಲಿ ಕರ್ಣನ ಪಾತ್ರ ಓದುಗರನ್ನು ಇಷ್ಟು ಗಾಢವಾಗಿ ಹಿಡಿಯುವುದಕ್ಕೆ ಈ ನಿಷ್ಠೆಯೇ ಕಾರಣ. ಕೃಷ್ಣನು ಹುಟ್ಟಿನ ಗುಟ್ಟನ್ನು ತಿಳಿಸಿ ರಾಜ್ಯದ ಆಸೆಯನ್ನು ಮುಂದೊಡ್ಡಿದಾಗಲೂ, ಸೋಲು ತನ್ನ ಪಕ್ಷಕ್ಕೇ ಕಾದಿದೆಯೆಂದು ತಿಳಿದಿದ್ದರೂ, ಕರ್ಣನು ದುರ್ಯೋಧನನ ಅನ್ನವನ್ನು ಬಿಟ್ಟುಕೊಡುವುದಿಲ್ಲ. ಒಡೆಯನ ಋಣವನ್ನು ಕತ್ತಿ ಹಿಡಿದು ತೀರಿಸುವುದು ಪಂಪನ ಸುತ್ತಲಿನ ವೀರವರ್ಗಕ್ಕೆ ದಿನನಿತ್ಯದ ಬದುಕಿನ ಸಂಗತಿಯಾಗಿತ್ತು.

ಆ ಕಾವ್ಯ ಮುಗಿದು ಹತ್ತು ವರ್ಷ ತುಂಬುವುದರೊಳಗೆ ಕೊರೆಯಲ್ಪಟ್ಟ ಒಂದು ಕಲ್ಲು ಇದೇ ಮೌಲ್ಯವನ್ನು ಮತ್ತೊಂದು ಬಗೆಯಲ್ಲಿ ತೋರಿಸುತ್ತದೆ. ಇಂದಿನ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿಗೆ ಸೇರಿದ ಆತಕೂರಿನಲ್ಲಿ ದೊರೆತ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಈ ಶಾಸನ 949-50ರ ಕಾಲದ್ದು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಎದುರಿಸಿದಾಗ, ಗಂಗರ ಇಮ್ಮಡಿ ಬೂತುಗನ ಆಳಾದ ಮಣಲೆರ ಎಂಬವನು ಪರಾಕ್ರಮದಿಂದ ಕಾದಿದನು. ಮೆಚ್ಚಿದ ಕೃಷ್ಣನು ಬೇಕಾದುದನ್ನು ಬೇಡು ಎಂದಾಗ ಮಣಲೆರನು ಹೊನ್ನನ್ನೂ ಊರನ್ನೂ ಕೇಳದೆ, ಚಕ್ರವರ್ತಿಯ ಬಳಿಯಿದ್ದ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದನು. ಮುಂದೆ ಬೆಳತೂರಿನ ಬಳಿಯ ಬೆಟ್ಟದಲ್ಲಿ ದೊಡ್ಡದೊಂದು ಕಾಡುಹಂದಿಯ ಮೇಲೆ ಕಾಳಿಯನ್ನು ಬಿಟ್ಟಾಗ ಹಂದಿಯೂ ನಾಯಿಯೂ ಪರಸ್ಪರ ಹೋರಾಡಿ ಒಟ್ಟಿಗೇ ಸತ್ತವು. ನಾಯಿಯ ನೆನಪಿಗಾಗಿ ಆತಕೂರಿನ ಚಲ್ಲೇಶ್ವರ ದೇಗುಲದ ಎದುರಿಗೆ ಕಲ್ಲನ್ನು ನಿಲ್ಲಿಸಿ, ಹಿರಿಯ ಕೆರೆಯ ಕೆಳಗೆ ಎರಡು ಕಂಡುಗ ಮಣ್ಣನ್ನು, ಎಂದರೆ ಅಷ್ಟು ಬೀಜ ಹಿಡಿಯುವ ನೆಲವನ್ನು, ದತ್ತಿಯಾಗಿ ಬಿಡಲಾಯಿತು. ಕಲ್ಲಿನ ಮೇಲೆ ಹಂದಿಯೂ ನಾಯಿಯೂ ಕಾದುವ ಶಿಲ್ಪವಿದೆ.

ಈ ಶಾಸನವನ್ನು ಇತಿಹಾಸಕಾರರು ಸಾಮಾನ್ಯವಾಗಿ ತಕ್ಕೋಲದ ಯುದ್ಧದ ಆಧಾರವೆಂದು ಓದುತ್ತಾರೆ, ಮತ್ತು ಆ ಮಟ್ಟಿಗೆ ಅದು ಬೆಲೆಬಾಳುವ ದಾಖಲೆಯೇ ಸರಿ. ಆದರೆ ಉಪಕಾರಸ್ಮರಣೆಯ ದೃಷ್ಟಿಯಿಂದ ಅದರ ತಿರುಳು ಇರುವುದು ದೇಗುಲದ ಮೇಲ್ವಿಚಾರಣೆ ನಡೆಸುವ ಗೊರವನಿಗೆ, ಅಂದರೆ ಶೈವ ಪೂಜಾರಿಗೆ, ವಿಧಿಸಿದ ಕಟ್ಟಳೆಯಲ್ಲಿ: ಆ ಕಲ್ಲನ್ನು ಪೂಜಿಸದೆ ಅವನು ಉಂಡರೆ ನಾಯಿ ಮಾಡಿದ ಪಾಪವೆಲ್ಲ ಅವನಿಗೆ ತಟ್ಟುತ್ತದೆ. ವರ್ಷಕ್ಕೊಮ್ಮೆ ಜಾತ್ರೆ ನಡೆಸಬೇಕೆಂದಾಗಲಿ, ಹಬ್ಬದ ದಿನ ದೀಪ ಹಚ್ಚಬೇಕೆಂದಾಗಲಿ ಅದು ಹೇಳುವುದಿಲ್ಲ. ಊಟಕ್ಕೆ ಮೊದಲು ಎಂದು ಹೇಳುತ್ತದೆ. ಹಸಿವು ಪ್ರತಿದಿನ ತಪ್ಪದೆ ಬರುವುದರಿಂದ ನೆನಪೂ ಪ್ರತಿದಿನ ತಪ್ಪದೆ ಬರಲಿ ಎಂಬ ಯೋಜನೆ ಇದರಲ್ಲಿದೆ. ಮನಸ್ಸು ಮರೆಯುತ್ತದೆ, ಹೊಟ್ಟೆ ಮರೆಯುವುದಿಲ್ಲ ಎಂಬುದನ್ನು ಅರಿತವರೇ ಈ ಕಟ್ಟಳೆಯನ್ನು ಬರೆಸಿರಬೇಕು. ಒಂದು ನಾಯಿಗಾಗಿ ಇಷ್ಟು ವಿವೇಕದ ಸ್ಮರಣಾವಿಧಿಯನ್ನು ಕಲ್ಲಿನಲ್ಲಿ ಬರೆಸಿಟ್ಟ ಸಮಾಜದ ಹೃದಯವಂತಿಕೆ ಸಾವಿರ ವರ್ಷಗಳ ಮೇಲೂ ಓದುವವರ ಮನವನ್ನು ಕಲಕುತ್ತದೆ.

ಆ ಕಾಲದ ದತ್ತಿಗಳ ಹೆಸರುಗಳೇ ಋಣದ ಒಂದು ಕೋಶದಂತಿವೆ. ವೀರನ ಖಡ್ಗವನ್ನು ತೊಳೆದು ಕೊಡುತ್ತಿದ್ದ ಉಂಬಳಿ ಬಾಳ್ಗಚ್ಚು. ಇದೇ ಮಣಲೆರನಿಗೆ ಬೂತುಗನು ಕೊಟ್ಟ ಊರುಗಳು ಆ ಬಗೆಯವು. ಕಾಳಗದಲ್ಲಿ ಮಡಿದವನ ಮನೆಯವರಿಗೆ ಬಿಟ್ಟ ನೆಲ ನೆತ್ತರುಗೊಡಗೆ. ಕೆರೆ ಕಟ್ಟಿಸಿದವರಿಗೂ ಅದನ್ನು ಕಾಪಾಡಿಕೊಂಡು ಬಂದವರಿಗೂ ಆ ಕೆರೆಯ ನೀರುಣ್ಣುವ ಗದ್ದೆಯಲ್ಲಿಯೇ ಒಂದು ಪಾಲನ್ನು ಬಿಡುವುದು ಕಟ್ಟುಕೊಡಗೆ, ಬಿತ್ತುವಟ್ಟ ಮುಂತಾದ ಹೆಸರುಗಳಿಂದ ನಡೆಯುತ್ತಿತ್ತು.

ಜೋಳವಾಳಿಗೆ ಒಂದು ಕಠೋರವಾದ ಮುಖವೂ ಇತ್ತು, ಅದನ್ನು ಮರೆಮಾಚಿ ಈ ಚರಿತ್ರೆಯನ್ನು ಹೇಳುವುದು ಪ್ರಾಮಾಣಿಕವಾಗದು. ಒಡೆಯನು ಸತ್ತ ದಿನವೇ ತಾನೂ ಸಾಯುವೆನೆಂದು ಮೊದಲೇ ಭಾಷೆ ಕೊಟ್ಟು ಅದರಂತೆ ನಡೆಯುವ ವೇಳೆವಾಳಿ ಎಂಬ ಪದ್ಧತಿ ಹೊಯ್ಸಳರ ಕಾಲದಲ್ಲಿ ತುತ್ತತುದಿಗೆ ಏರಿತು. 1220ರಲ್ಲಿ ಇಮ್ಮಡಿ ಬಲ್ಲಾಳನು ತೀರಿಕೊಂಡಾಗ ಅವನ ದಂಡನಾಯಕನಾದ ಕುವರಲಕ್ಷ್ಮನು ಹೆಂಡತಿ ಸುಗ್ಗಲದೇವಿಯೊಡನೆಯೂ ಸಾವಿರ ಮಂದಿ ವೀರರೊಡನೆಯೂ ಪ್ರಾಣ ಬಿಟ್ಟನೆಂದು ಹಳೇಬೀಡಿನ ಹೊಯ್ಸಳೇಶ್ವರ ದೇಗುಲದ ಬಳಿಯ ಕಂಬದ ಶಾಸನ ಹೇಳುತ್ತದೆ, ಮತ್ತು ತಮ್ಮನ್ನು ತಾವೇ ಕತ್ತರಿಸಿಕೊಳ್ಳುವ ಗರುಡರ ಶಿಲ್ಪಗಳು ಆ ಕಂಬದ ಮೇಲೆ ಇಂದಿಗೂ ಕಾಣುತ್ತವೆ. ಉಪಕಾರವನ್ನು ಒಬ್ಬನೇ ಒಡೆಯನ ಕೈಯಿಂದ ಬಂದದ್ದೆಂದು ಎಣಿಸಿದಾಗ ಋಣವು ಬದುಕನ್ನೇ ನುಂಗುವ ಮಟ್ಟಕ್ಕೆ ಬೆಳೆಯಬಲ್ಲದು ಎಂಬುದಕ್ಕೆ ಈ ಕಂಬಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಈ ಹಿನ್ನೆಲೆಯಲ್ಲಿ ನೋಡಿದಾಗ ಶರಣರು ತಂದ ಬದಲಾವಣೆಯ ಬೆಲೆ ತಿಳಿಯುತ್ತದೆ. ಬಸವಣ್ಣನವರಿಗಿಂತ ಹಿಂದಿನವನೆಂದು ವಿದ್ವಾಂಸರು ಪರಿಗಣಿಸುವ, ಮುದನೂರಿನ ರಾಮನಾಥನ ಅಂಕಿತದಲ್ಲಿ ವಚನಗಳನ್ನು ರಚಿಸಿದ ನೇಕಾರ ಜೇಡರ ದಾಸಿಮಯ್ಯನು, ನೆಲವೂ ಬೆಳೆಯೂ ಬೀಸುವ ಗಾಳಿಯೂ ದೇವರ ಕೊಡುಗೆಯೇ ಆಗಿರುವಾಗ ಅವನ್ನು ಉಂಡು ಬೇರೆಯವರನ್ನು ಹೊಗಳುವವರನ್ನು ಕಟುವಾಗಿ ಜರೆಯುತ್ತಾನೆ. ಮೇಲುನೋಟಕ್ಕೆ ಇದು ಬರಿಯ ಭಕ್ತಿಯ ಮಾತಿನಂತೆ ತೋರಿದರೂ, ಜೋಳವಾಳಿಯ ಲೋಕದಲ್ಲಿ ಇದನ್ನು ಕೇಳಿದವರಿಗೆ ಅದರ ಮೊನೆ ತಿಳಿಯದೆ ಇರಲಾರದು: ಅನ್ನವಿಟ್ಟವನು ಅರಸನಲ್ಲವಾದರೆ ಅರಸನಿಗಾಗಿ ತಲೆ ಕೊಡಬೇಕಾದ ಬಾಧ್ಯತೆಯೂ ಉಳಿಯುವುದಿಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಈ ವಿಚಾರವನ್ನು ಕಾಯಕ ಮತ್ತು ದಾಸೋಹ ಎಂಬ ಎರಡು ಪರಿಕಲ್ಪನೆಗಳಾಗಿ ಬೆಳೆಸಿದರು. ಕಾಯಕವೆಂದರೆ ಮೈಮುರಿದು, ಸತ್ಯಶುದ್ಧವಾಗಿ ಮಾಡುವ ದುಡಿಮೆ. ದಾಸೋಹವೆಂದರೆ ಆ ದುಡಿಮೆಯಿಂದ ಬಂದುದನ್ನು ತಾನು ಕೊಟ್ಟೆನೆಂಬ ಹಮ್ಮಿಲ್ಲದೆ, ಸೇವಕನ ಭಾವದಿಂದ ಸಮುದಾಯಕ್ಕೆ ಸಲ್ಲಿಸುವುದು. ಹೀಗೆ ಸಲ್ಲಿಸಿ ಉಳಿದದ್ದು ಪ್ರಸಾದವಾಗುತ್ತದೆ. ಒಡೆಯನಿಗೆ ಸಾವಿನ ದಿನ ಒಮ್ಮೆಗೇ ತೀರಿಸಬೇಕಾಗಿದ್ದ ಋಣ ಇಲ್ಲಿ ನೆರೆಯವರಿಗೆ ಬದುಕಿನುದ್ದಕ್ಕೂ, ದಿನದಿನದ ಪಂಕ್ತಿಯಲ್ಲಿ ತೀರುವಂಥದಾಯಿತು. ಕನ್ನಡದ ನೈತಿಕ ಚರಿತ್ರೆಯಲ್ಲಿ ಇಷ್ಟು ದೊಡ್ಡ ತಿರುವುಗಳು ಹೆಚ್ಚಿಲ್ಲ.

ಒಕ್ಕಲುತನದ ಲೋಕದಲ್ಲಿ ಉಪಕಾರಸ್ಮರಣೆ ಮಣ್ಣಿನ ಕಡೆಗೆ ಮುಖಮಾಡಿತು. ಆಶ್ವಯುಜದ ಹುಣ್ಣಿಮೆಯ ಹೊತ್ತಿಗೆ ಬತ್ತ ತೆನೆಗಟ್ಟುತ್ತಿರುವಾಗ ಮಲೆನಾಡಿನಲ್ಲಿ ಭೂಮಿಯನ್ನು ಬಸುರಿಯೆಂದು ಭಾವಿಸಿ, ಅವಳ ಬಯಕೆ ತೀರಿಸಲು ಬಗೆಬಗೆಯ ಅಡುಗೆಯನ್ನು ಗದ್ದೆಗೆ ಒಯ್ಯುವ ಭೂಮಿ ಹುಣ್ಣಿಮೆ ನಡೆಯುತ್ತದೆ. ಅಡುಗೆಯನ್ನು ಒಯ್ಯುವ ಬುಟ್ಟಿಯನ್ನು ಸಾಗರ, ಸೊರಬ ಸೀಮೆಯ ದೀವರ ಹೆಂಗಸರು ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಿಂದ ಚಿತ್ತಾರ ಬರೆದು ಸಿದ್ಧಪಡಿಸುತ್ತಾರೆ. ಉತ್ತರ ಕರ್ನಾಟಕದಲ್ಲಿ ಸೀಗಿ ಹುಣ್ಣಿಮೆ ಮತ್ತು ಎಳ್ಳ ಅಮಾವಾಸ್ಯೆಗಳಂದು ಬನ್ನಿಗಿಡದ ಬುಡದಲ್ಲಿ ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಎಡೆಯ ಅಡುಗೆಯನ್ನು ಬೆರೆಸಿ ಹೊಲದ ತುಂಬ ಎರಚುತ್ತ ಹೋಗುತ್ತಾರೆ. ಇದಕ್ಕೆ ಚರಗ ಚೆಲ್ಲುವುದು ಎಂದು ಹೆಸರು. ಮನೆಯವರು ಉಣ್ಣುವುದು ಹೊಲ ಉಂಡ ಮೇಲೆಯೇ. ಸುಗ್ಗಿಯಲ್ಲಿ ರಾಶಿಯನ್ನು ಅಳೆಯುವಾಗ ಮೊದಲ ಅಳತೆಯನ್ನು ಒಂದು ಎನ್ನದೆ ಲಾಭ ಎಂದು ಎಣಿಸುವ ರೂಢಿಯಿತ್ತು. ರಾಶಿ ಮನೆ ಸೇರುವ ಮೊದಲು ಕಮ್ಮಾರ, ಬಡಗಿ, ಅಗಸ, ಕ್ಷೌರಿಕ ಮೊದಲಾದ ಆಯಗಾರರಿಗೆ, ಎಂದರೆ ವರ್ಷವಿಡೀ ಊರಿಗೆ ದುಡಿದು ಕಾಳಿನಲ್ಲಿ ಪಾಲು ಪಡೆಯುವವರಿಗೆ, ಅವರವರ ಆಯ ಸಲ್ಲಬೇಕಾಗಿತ್ತು. ಅದೇ ಕಣದಲ್ಲಿ ಕೆಲವರು ಮಧ್ಯದಲ್ಲಿ ನಿಂತು ಅಳೆದರೆ ಮತ್ತೆ ಕೆಲವರು ಅಂಚಿನಲ್ಲಿ ನಿಂತು ಸೆರಗೊಡ್ಡಬೇಕಾಗಿತ್ತು ಎಂಬುದೂ ನಿಜ, ಮತ್ತು ಅತಿ ಹೆಚ್ಚು ಬೆವರು ಸುರಿಸಿದವರಿಗೆ ಊರು ಅತಿ ಕಡಿಮೆ ಋಣಿಯಾಗಿತ್ತು ಎಂಬ ಅನ್ಯಾಯವನ್ನು ಸುಗ್ಗಿಯ ಸಂಭ್ರಮ ಮುಚ್ಚಲಾರದು.

ಪ್ರತಿದಿನದ ಆಚರಣೆಯಾಗಿ ಉಪಕಾರಸ್ಮರಣೆ ಅತ್ಯಂತ ಶುದ್ಧ ರೂಪದಲ್ಲಿ ಉಳಿದುಬಂದದ್ದು ಬೀಸುಕಲ್ಲಿನ ಬಳಿಯಲ್ಲಿ. ಕೋಳಿ ಕೂಗುವ ಮುನ್ನವೇ ಎದ್ದ ಹೆಂಗಸು ಒಂದು ಕಾಲು ಚಾಚಿ, ಇನ್ನೊಂದನ್ನು ಮಡಿಸಿ ಕಲ್ಲಿನ ಮುಂದೆ ಕುಳಿತು, ಎಡಗೈಯಿಂದ ಮೇಲಿನ ಕಲ್ಲಿನ ಬಾಯಿಗೆ ಹಿಡಿಹಿಡಿಯಾಗಿ ರಾಗಿಯನ್ನೋ ಜೋಳವನ್ನೋ ಹಾಕುತ್ತ, ಬಲಗೈಯಿಂದ ಗೂಟ ಹಿಡಿದು ತಿರುಗಿಸುತ್ತಿದ್ದಳು. ಎದುರಿಗೆ ಇನ್ನೊಬ್ಬಳು ಕೈಗೂಡಿಸಿದರೆ ಕಲ್ಲು ಹಗುರವಾಗುತ್ತಿತ್ತು, ಹಾಡಿಗೂ ಜೊತೆ ಸಿಗುತ್ತಿತ್ತು. ಕಲ್ಲಿನ ಸುತ್ತಿಗೆ ಹೊಂದಿಕೊಂಡ ಮೂರು ಸಾಲಿನ ತ್ರಿಪದಿಗಳಲ್ಲಿ ಅವಳು ಮೊದಲು ಕೇಳಿಕೊಳ್ಳುವುದು, ಬೆಳಗ್ಗೆ ಎದ್ದವಳು ಯಾರನ್ನು ನೆನೆಯಬೇಕು ಎಂದು. ತಾನೇ ಕೊಡುವ ಉತ್ತರ, ಎಳ್ಳು ಜೀರಿಗೆಗಳನ್ನು ಬೆಳೆಯುವ ಭೂಮಿತಾಯಿಯನ್ನು ಎಂದು. ಮತ್ತೆ ಕಲ್ಲನ್ನು ಕೊಟ್ಟ ತಾಯಿಗೆ ಹರಕೆ, ತವರಿಗೆ ಹರಕೆ, ಬೀಸಿ ಮುಗಿಸಿದ ಮೇಲೆ ಕಲ್ಲಿಗೂ ಒಂದು ಬೀಳ್ಕೊಡುಗೆ. ಅವಳಿಗೆ ಕಲ್ಲು ಜಡವಸ್ತುವಲ್ಲ, ಅವಳ ಹೊರೆಯಲ್ಲಿ ಪಾಲುಗೊಂಡ ಒಡನಾಡಿ. ತೋಳು ನೋಯಿಸುವ ದುಡಿಮೆಯ ನಡುವೆ, ಯಾರೂ ಕೇಳಲಿ ಎಂಬ ಉದ್ದೇಶವಿಲ್ಲದೆ, ಸ್ವಂತ ಹೆಸರನ್ನು ಎಲ್ಲಿಯೂ ಬಿಡದೆ ಆಕೆ ಕಟ್ಟಿದ ಈ ಸ್ಮರಣೆಯನ್ನು ಶಾಸನಗಳ ಸಾಲಿನಲ್ಲಿಯೇ ಇರಿಸಿ ಓದಬೇಕು. ಇಂಥ ಹಾಡುಗಳನ್ನು ಬರಹಕ್ಕೆ ಇಳಿಸುವ ಕೆಲಸವನ್ನು ಪ್ರೀತಿಯಿಂದ ಕೈಗೊಂಡವರಲ್ಲಿ ವಿಜಯಪುರ ಸೀಮೆಯ ಹಲಸಂಗಿ ಗೆಳೆಯರು ಪ್ರಮುಖರು; ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರ ಆ ಬಳಗ ಸಂಗ್ರಹಿಸಿದ ಗರತಿಯ ಹಾಡು 1931ರಲ್ಲಿ ಪ್ರಕಟವಾಯಿತು.

20ನೆಯ ಶತಮಾನ ಮುಂದುವರಿದಂತೆ ಊರೂರಿಗೆ ಹಿಟ್ಟಿನ ಗಿರಣಿ ಬಂದು ಹೆಂಗಸರ ತೋಳಿಗೆ ಬಿಡುವು ಸಿಕ್ಕಿತು, ಅದಕ್ಕಾಗಿ ಯಾರೂ ಮರುಗಬೇಕಾಗಿಲ್ಲ. ಆದರೆ ನಸುಕಿನ ಹಾಡಿಗಿದ್ದ ಹೊತ್ತೂ ಅದರೊಡನೆಯೇ ಕಳೆದುಹೋಯಿತು. ಈಚಿನ ಮನಶ್ಶಾಸ್ತ್ರವು ಇಂಥ ನಿತ್ಯಸ್ಮರಣೆಯನ್ನು ಬೇರೆ ದಾರಿಯಿಂದ ಮತ್ತೆ ಕಂಡುಕೊಂಡಿದೆ. ಅಮೆರಿಕದ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲೊ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಾವು ಕೃತಜ್ಞರಾಗಿರಬೇಕಾದ ಸಂಗತಿಗಳನ್ನು ನಿಯತವಾಗಿ ಬರೆದಿಟ್ಟವರು ಕಿರಿಕಿರಿಗಳನ್ನು ಬರೆದಿಟ್ಟವರಿಗಿಂತ ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನ ಹೊಂದಿದ್ದರು. ಆ ಬರವಣಿಗೆ ಬರೆಯುವವರಿಗೂ ಹಾಳೆಗೂ ನಡುವಿನ ವ್ಯವಹಾರ. ಗೊರವನ ಪೂಜೆಯಲ್ಲಿಯೂ ದಾಸೋಹದ ಪಂಕ್ತಿಯಲ್ಲಿಯೂ ಚರಗದ ಎರಚಿನಲ್ಲಿಯೂ ನೆನೆದವರ ಕೈಯಿಂದ ಏನಾದರೊಂದು ಆಚೆಗೆ ಸಲ್ಲುತ್ತಿತ್ತು.

ಬೀಸುವುದು ನಿಂತುಹೋದ ಮನೆಗಳಲ್ಲಿಯೂ ಮದುವೆಯ ಶಾಸ್ತ್ರದಲ್ಲಿ ಹಿತ್ತಿಲಿನಿಂದ ಹಳೆಯ ಕಲ್ಲನ್ನು ಎತ್ತಿ ತಂದು, ತೊಳೆದು, ಅರಿಶಿನ ಕುಂಕುಮ ಹಚ್ಚಿ, ಮುತ್ತೈದೆಯರು ಅದರ ಸುತ್ತ ಕುಳಿತು ಒಂದೆರಡು ಹಿಡಿ ಕಾಳು ಬೀಸುವುದು ಕೆಲವೆಡೆ ಇಂದಿಗೂ ಉಂಟು. ಹಾಡು ಬಲ್ಲ ಮುದುಕಿಯೊಬ್ಬಳು ಆ ಮನೆಯಲ್ಲಿದ್ದರೆ ಅವಳು ಗೂಟ ಹಿಡಿದು ಶುರುಮಾಡುತ್ತಾಳೆ, ಉಳಿದವರು ಕೊನೆಯ ಸಾಲಿಗೆ ದನಿಗೂಡಿಸುತ್ತಾರೆ.