ಎತ್ತರದ ಎಂಜಿನು: ಜರ್ಮನಿಯ ಒಂದು ಯುದ್ಧವಿಮಾನಯಂತ್ರದ ಇತಿಹಾಸ

1918ರ ನವೆಂಬರ್ 11ರಂದು ಸಹಿಯಾದ ಕದನವಿರಾಮದ ಕರಾರಿನಲ್ಲಿ ಜರ್ಮನಿಯು 1700 ವಿಮಾನಗಳನ್ನು ಮಿತ್ರರಾಷ್ಟ್ರಗಳಿಗೆ ಒಪ್ಪಿಸಬೇಕೆಂಬ ವಿಧಿಯಿತ್ತು. ಅವುಗಳಲ್ಲಿ ಮೊದಲಿಗೆ ಒಪ್ಪಿಸಬೇಕಾದವುಗಳಲ್ಲಿ ಒಂದು ವಿಮಾನವನ್ನು ಮಾತ್ರ ಹೆಸರು ಹಿಡಿದು ಹೇಳಲಾಗಿದ್ದಿತು. ಅದು ಫಾಕರ್ ಡಿ-7. ಈ ವಿಮಾನವನ್ನೂ ಅದನ್ನು ಹಾರಿಸಿದ ವೀರರನ್ನೂ ಕುರಿತು ಬಹಳಷ್ಟು ಬರೆಯಲಾಗಿದೆ. ಆದರೆ ಅದರ ಉತ್ತಮ ರೂಪಕ್ಕೆ ಪ್ರಾಣಪ್ರಾಯವಾಗಿದ್ದ ಎಂಜಿನನ್ನು ಇತಿಹಾಸಕಾರರು ಅಷ್ಟಾಗಿ ಗಮನಿಸಿಲ್ಲ. ಆ ಎಂಜಿನು ಹುಟ್ಟಿದ ಬಗೆಯನ್ನೂ, ಅಷ್ಟು ಶ್ರೇಷ್ಠವಾಗಿದ್ದೂ ಅದು ಯುದ್ಧದ ಗತಿಯನ್ನು ಬದಲಿಸಲಾರದೆ ಹೋದ ಕಾರಣವನ್ನೂ ಇಲ್ಲಿ ವಿಚಾರಮಾಡಲು ಯತ್ನಿಸುತ್ತೇವೆ.

ವಿಮಾನಯಂತ್ರಗಳ ವಿಷಯದಲ್ಲಿ ಜರ್ಮನಿಯು ಮೊದಲು ಫ್ರಾನ್ಸಿಗಿಂತ ಹಿಂದುಳಿದಿದ್ದಿತು. ಈ ಕೊರತೆಯನ್ನು ನೀಗಿಸಲೆಂದು ಕೈಸರ್ ಎರಡನೆಯ ವಿಲ್‌ಹೆಲ್ಮನು 1912ರ ಜನವರಿಯಲ್ಲಿ ಅತ್ಯುತ್ತಮ ಜರ್ಮನ್ ವಿಮಾನ ಎಂಜಿನಿಗೆ 50,000 ಮಾರ್ಕುಗಳ ಬಹುಮಾನವನ್ನು ಘೋಷಿಸಿದನು. ಅದು ಬೆನ್ಜ್ ಕಾರ್ಖಾನೆಯ ನಾಲ್ಕು ಸಿಲಿಂಡರುಗಳ ಎಂಜಿನಿಗೆ ಸಂದಿತು. ಸ್ಪರ್ಧೆಯ ಪ್ರಯೋಜನ ಬಹುಮಾನಕ್ಕಿಂತ ದೊಡ್ಡದಾಗಿದ್ದಿತು. ನೀರಿನಿಂದ ತಂಪುಗೊಳ್ಳುವ, ಸಿಲಿಂಡರುಗಳು ಒಂದೇ ಸಾಲಿನಲ್ಲಿ ನಿಂತ ಎಂಜಿನೇ ಜರ್ಮನಿಯ ಮುಖ್ಯಮಾರ್ಗವಾಯಿತು. ಡೈಮ್ಲರ್ ಕಾರ್ಖಾನೆಯ ಆರು ಸಿಲಿಂಡರುಗಳ ಮರ್ಸಿಡಿಸ್ ಡಿ-3 ಈ ಮಾರ್ಗದ ಪ್ರಸಿದ್ಧ ಫಲ. 160 ಅಶ್ವಶಕ್ತಿಯ ಈ ಎಂಜಿನು ನಂಬಿಕೆಗೆ ಅರ್ಹವಾಗಿದ್ದಿತು. ಆಲ್ಬಟ್ರಾಸ್ ಯುದ್ಧವಿಮಾನಗಳು ಇದನ್ನೇ ಹೊತ್ತು ಹಾರಿದುವು.

ಒಮ್ಮೆ ಸಿದ್ಧಿಸಿದ ಯಶಸ್ಸು ಕೆಲವೊಮ್ಮೆ ಮುಂದಿನ ಹೆಜ್ಜೆಗೆ ತೊಡಕಾಗುವುದುಂಟು. ವಿಮಾನಗಳು ಹೆಚ್ಚು ಹೆಚ್ಚು ಎತ್ತರದಲ್ಲಿ ಕಾದತೊಡಗಿದಾಗ ಹೊಸ ಸಮಸ್ಯೆಯೊಂದು ತಲೆದೋರಿತು. ಮೇಲೇರಿದಂತೆ ಗಾಳಿ ತೆಳುವಾಗುತ್ತದೆ; ಸುಮಾರು 5500 ಮೀಟರುಗಳ ಎತ್ತರದಲ್ಲಿ ವಾಯುಭಾರವು ಸಮುದ್ರಮಟ್ಟದಲ್ಲಿರುವುದರ ಅರ್ಧಕ್ಕೆ ಇಳಿಯುತ್ತದೆ. ಎಂಜಿನು ಒಳಗೆಳೆದುಕೊಳ್ಳುವ ಆಮ್ಲಜನಕ ಕಡಿಮೆಯಾದಂತೆಲ್ಲ ಅದರ ಶಕ್ತಿಯೂ ಕುಂದುತ್ತದೆ. ನೆಲದ ಮೇಲೆ 160 ಅಶ್ವಶಕ್ತಿಯುಳ್ಳ ಯಂತ್ರವು, ಶತ್ರುವನ್ನು ಎದುರಿಸಬೇಕಾದ ಎತ್ತರದಲ್ಲಿ ಆ ಶಕ್ತಿಯನ್ನು ಉಳಿಸಿಕೊಳ್ಳಲಾರದು. ಇತ್ತ ಎದುರುಪಕ್ಷದಲ್ಲಿ ಹಿಸ್ಪಾನೊ-ಸೂಯಿಜಾದಂತಹ ಹಗುರವಾದ, ಬಲಿಷ್ಠವಾದ ಎಂಜಿನುಗಳು ಬಳಕೆಗೆ ಬಂದಿದ್ದುವು.

ಈ ಸಮಸ್ಯೆಗೆ ಉತ್ತರ ಬಂದದ್ದು ಪ್ರಸಿದ್ಧ ಕಾರ್ಖಾನೆಯಿಂದಲ್ಲ. ಮ್ಯೂನಿಕ್ ನಗರದಲ್ಲಿ 1913ರಲ್ಲಿ ಕಾರ್ಲ್ ರಾಪ್ ಸ್ಥಾಪಿಸಿದ್ದ ಕಾರ್ಖಾನೆಯ ಸ್ವಂತ ಎಂಜಿನುಗಳು ಅತಿಯಾದ ಕಂಪನದ ದೋಷದಿಂದ ಹೆಸರು ಕೆಡಿಸಿಕೊಂಡಿದ್ದುವು. ಅಲ್ಲಿ ಆಸ್ಟ್ರಿಯಾ-ಹಂಗೆರಿಗಾಗಿ ಪರವಾನಗಿಯ ಮೇಲೆ ತಯಾರಾಗುತ್ತಿದ್ದ ಎಂಜಿನುಗಳ ಮೇಲ್ವಿಚಾರಣೆಗೆಂದು ಬಂದಿದ್ದ ಫ್ರಾನ್ಜ್ ಯೋಸೆಫ್ ಪಾಪ್ ಎಂಬ ಎಂಜಿನಿಯರನು ಕಾರ್ಖಾನೆಯ ಭವಿಷ್ಯವು ಒಬ್ಬ ಸಮರ್ಥ ವಿನ್ಯಾಸಕಾರನನ್ನು ಅವಲಂಬಿಸಿದೆಯೆಂದು ಮನಗಂಡನು. 1917ರ ಮೊದಲಿಗೆ ಮ್ಯಾಕ್ಸ್ ಫ್ರಿಟ್ಜ್ ಡೈಮ್ಲರನ್ನು ಬಿಟ್ಟು ಅಲ್ಲಿಗೆ ಬಂದನು. ಎತ್ತರಕ್ಕೆಂದೇ ಎಂಜಿನನ್ನು ರೂಪಿಸಬೇಕೆಂಬ ಅವನ ಆಲೋಚನೆಗೆ ಹಿಂದಿನ ಸ್ಥಳದಲ್ಲಿ ಬೆಂಬಲ ದೊರೆತಿರಲಿಲ್ಲ. ಅದೇ ವರ್ಷದ ಜುಲೈಯಲ್ಲಿ ಕಾರ್ಖಾನೆಯ ಹೆಸರು ಬವೇರಿಯನ್ ಮೋಟಾರ್ ಕಾರ್ಖಾನೆ, ಎಂದರೆ ಬಿ. ಎಂ. ಡಬ್ಲ್ಯು., ಎಂದಾಯಿತು. ಎಂಜಿನು ಇನ್ನೂ ಹಾರುವ ಮೊದಲೇ ಸೇನಾಡಳಿತವು 600 ಎಂಜಿನುಗಳನ್ನು ಬೇಡಿತು. ಮೊದಲು ಕಡೆಗಣಿಸಲ್ಪಟ್ಟಿದ್ದ ಕಾರ್ಖಾನೆಗೆ ದೊರೆತ ಈ ಬೇಡಿಕೆಯಲ್ಲಿ ಸೇನೆಯ ಆತುರವನ್ನು ಸ್ಪಷ್ಟವಾಗಿ ಕಾಣಬಹುದು.

ಫ್ರಿಟ್ಜನ ಉಪಾಯ ಸರಳವಾದುದು. ಎಂಜಿನನ್ನು ನೆಲಮಟ್ಟದ ಅಗತ್ಯಕ್ಕಿಂತ ದೊಡ್ಡದಾಗಿ ಮಾಡುವುದು, ಮಿಶ್ರಣವನ್ನು ವಾಡಿಕೆಗಿಂತ ಹೆಚ್ಚಾಗಿ ಅದುಮುವುದು. ಮರ್ಸಿಡಿಸ್ ಡಿ-3ರ ಸಿಲಿಂಡರುಗಳ ಒಟ್ಟು ಗಾತ್ರ 14.8 ಲೀಟರುಗಳಷ್ಟಿದ್ದರೆ ಬಿ. ಎಂ. ಡಬ್ಲ್ಯು. 3ಎ ಎಂಜಿನಿನದು 19.1 ಲೀಟರು. ಪಿಸ್ಟನ್ನುಗಳು ಹಗುರವಾದ ಅಲ್ಯೂಮಿನಿಯಮಿನವು. ನೆಲದ ದಟ್ಟವಾದ ಗಾಳಿಯಲ್ಲಿ ಇದನ್ನು ಪೂರ್ಣವಾಗಿ ತೆರೆದರೆ ಇಂಧನವು ಅಕಾಲದಲ್ಲಿ ಸ್ಫೋಟಿಸಿ ಯಂತ್ರವೇ ಹಾಳಾಗುವ ಭಯವಿತ್ತು. ಆದುದರಿಂದ ಅದಕ್ಕೆ ವಿಶೇಷವಾದ ಕಾರ್ಬ್ಯುರೇಟರನ್ನು ಜೋಡಿಸಿ, ನಿಯತವಾದ ಎತ್ತರವನ್ನು ಮುಟ್ಟುವವರೆಗೆ ಅದನ್ನು ಪೂರ್ತಿ ತೆರೆಯಬಾರದೆಂಬ ನಿಯಮವನ್ನು ವಿಧಿಸಲಾಯಿತು. ಗಾಳಿ ತೆಳುವಾದಂತೆ ಚಾಲಕನು ಅದನ್ನು ಕ್ರಮೇಣ ತೆರೆಯುತ್ತಿದ್ದನು. ಕೆಳಗೆ ತಡೆಹಿಡಿದ ಶಕ್ತಿಯೇ ಮೇಲೆ ಆಸರೆಯಾಗುತ್ತಿದ್ದಿತು. ಕಾಗದದ ಮೇಲೆ ಇದರ ಶಕ್ತಿ 185 ಅಶ್ವಶಕ್ತಿ ಮಾತ್ರ. ಆದರೆ ಈ ಅಂಕಿಯಿಂದ ಎಂಜಿನಿನ ನಿಜವಾದ ಯೋಗ್ಯತೆ ತಿಳಿಯದು.

1917ರ ಡಿಸೆಂಬರಿನಲ್ಲಿ ಎಂಜಿನು ಮೊದಲ ಬಾರಿ ಹಾರಿತು. 1918ರ ಬೇಸಗೆಯಲ್ಲಿ ಅದನ್ನು ಹೊತ್ತ ಫಾಕರ್ ಡಿ-7 ರಣರಂಗಕ್ಕೆ ಬಂದಿತು. ಮರ್ಸಿಡಿಸ್ ಎಂಜಿನಿನ ಅದೇ ವಿಮಾನಕ್ಕಿಂತ ಇದು ಬಹಳ ಬೇಗ ಮೇಲೇರುತ್ತಿದ್ದುದರಿಂದ ಚಾಲಕರು ಇದಕ್ಕಾಗಿ ಹಾತೊರೆಯುತ್ತಿದ್ದರು. ಆದರೆ ಎಲ್ಲರಿಗೂ ಕೊಡುವಷ್ಟು ಎಂಜಿನುಗಳಿರಲಿಲ್ಲ. ಡಿ-7 ವಿಮಾನಗಳಲ್ಲಿ ಬಹುಪಾಲು ಮರ್ಸಿಡಿಸ್ ಎಂಜಿನಿನಿಂದಲೇ ಹಾರಬೇಕಾಯಿತು. ನೌಕಾದಿಗ್ಬಂಧನದಿಂದ ಲೋಹ, ರಬ್ಬರು, ಎಣ್ಣೆಗಳ ಕೊರತೆಯು ದೇಶವನ್ನು ಹಿಂಡುತ್ತಿದ್ದಿತು. ಹೊಸ ಕಾರ್ಖಾನೆಯೊಂದು ತಿಂಗಳುಗಳಲ್ಲಿ ಬೆಳೆದು ಇಡೀ ಸೇನೆಯ ಬೇಡಿಕೆಯನ್ನು ಪೂರೈಸುವುದು ಆ ಸ್ಥಿತಿಯಲ್ಲಿ ಆಗುವ ಮಾತಲ್ಲ.

ಯುದ್ಧವು ಮುಗಿದ ಮೇಲೂ ಈ ವಿನ್ಯಾಸದ ಸತ್ತ್ವ ಇನ್ನೊಮ್ಮೆ ಪ್ರಕಟವಾಯಿತು. 1919ರ ಜೂನ್ 17ರಂದು ಫ್ರಾನ್ಜ್ ಜೀನೋ ಡೀಮರ್, ಇದರ ಮುಂದಿನ ರೂಪವಾದ ಬಿ. ಎಂ. ಡಬ್ಲ್ಯು. 4 ಎಂಜಿನಿನ ವಿಮಾನದಲ್ಲಿ 9760 ಮೀಟರುಗಳ ಎತ್ತರವನ್ನು ಮುಟ್ಟಿದನು. ಅದೇ ಜೂನ್ 28ರಂದು ಸಹಿಯಾದ ವರ್ಸೇಲ್ಸ್ ಒಪ್ಪಂದದಿಂದ ವಿಮಾನನಿರ್ಮಾಣವು ನಿಷಿದ್ಧವಾಯಿತು. ಕಾರ್ಖಾನೆಯವರು ರೈಲ್ವೆಯ ಬ್ರೇಕುಗಳ ತಯಾರಿಕೆಯಿಂದ ಬದುಕಬೇಕಾಯಿತು. ಆಕಾಶದೆತ್ತರಕ್ಕೆ ಎಂಜಿನನ್ನು ರೂಪಿಸಿದ ಫ್ರಿಟ್ಜನೇ 1923ರಲ್ಲಿ ಆ ಕಾರ್ಖಾನೆಯ ಮೊದಲ ಮೋಟಾರ್ ಸೈಕಲನ್ನು ಲೋಕಕ್ಕೆ ಕೊಟ್ಟನು.

ಈ ವೃತ್ತಾಂತದಿಂದ ನಾವು ಎರಡು ವಿಷಯಗಳನ್ನು ಗ್ರಹಿಸಬಹುದು. ಹೊಸ ಆಲೋಚನೆಯು ಎಷ್ಟೋ ವೇಳೆ ಸುಸ್ಥಿತಿಯಲ್ಲಿರುವ ಸಂಸ್ಥೆಯಲ್ಲಿ ಅಲ್ಲ, ಬೇರೆ ದಾರಿ ಕಾಣದೆ ಕೈಚಾಚಿದ ಸಂಸ್ಥೆಯಲ್ಲಿ ಆಶ್ರಯ ಪಡೆಯುತ್ತದೆ. ಎರಡನೆಯದಾಗಿ, ಯಂತ್ರದ ಶ್ರೇಷ್ಠತೆಯೇ ಬೇರೆ, ಇತಿಹಾಸದಲ್ಲಿ ಅದರ ಪರಿಣಾಮವೇ ಬೇರೆ. ಮೊದಲನೆಯದನ್ನು ವಿನ್ಯಾಸಕಾರನ ಮೇಜಿನ ಮೇಲೆ ಅಳೆಯಬಹುದು. ಎರಡನೆಯದನ್ನು ಅಳೆಯಲು ಗಣಿ, ಕಾರ್ಖಾನೆ, ಬಂದರು, ಕಾಲ ಇವೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಗೆದ್ದವರು ತಮ್ಮ ಕರಾರಿನಲ್ಲಿ ಡಿ-7ರ ಹೆಸರನ್ನು ಬರೆದುದು ಆ ವಿಮಾನದ ಶ್ರೇಷ್ಠತೆಗೆ ಸಾಕ್ಷಿ. ಅದನ್ನು ಬರೆದವರು ಗೆದ್ದವರಾಗಿದ್ದುದು ಆ ಶ್ರೇಷ್ಠತೆಯ ಮಿತಿಗೆ ಸಾಕ್ಷಿ.