ಸೆರಗಿನ ಕುಚ್ಚು

ಮಗ್ಗದಿಂದ ಇಳಿದ ಸೀರೆ ಉಡುವುದಕ್ಕೆ ಸಿದ್ಧವಾಯಿತೆಂದು ತಿಳಿಯುವವರು ಗಂಡಸರು. ಸೆರಗಿನ ತುದಿಯಲ್ಲಿ ಹೊಕ್ಕು ಬೀಳದೆ ಬಿಡಿಯಾಗಿ ಉಳಿದ ಹಾಸಿನ ಎಳೆಗಳನ್ನು ಗಂಟಿಕ್ಕದಿದ್ದರೆ ನೇಯ್ಗೆಯೇ ಬಿಚ್ಚುತ್ತ ಹೋಗುವುದೆಂಬುದನ್ನು ಮನೆಯ ಹೆಂಗಸರು ಬಲ್ಲರು. ಆ ಎಳೆಗಳನ್ನು ಸಮನಾಗಿ ವಿಂಗಡಿಸಿ, ಹೊಸೆದು, ಗಂಟು ಹಾಕಿದುದೇ ಕುಚ್ಚು. ಅದು ಮೊದಲು ರಕ್ಷಣೆ, ಅನಂತರ ಅಲಂಕಾರ.

ಶ್ರೋತೃಗಳೆ, ತಿರುಮಕೂಡಲು ನರಸೀಪುರದ ಹೆಸರಿನೊಡನೆ ಈ ಮಾತನ್ನೆತ್ತಲು ಕಾರಣವುಂಟು. ಕಾವೇರಿ ಕಪಿಲೆಗಳು ಕೂಡುವ ಆ ಊರು ರೇಷ್ಮೆಯ ಊರೂ ಹೌದು. ಟಿಪ್ಪು ಸುಲ್ತಾನನ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ನೆಲೆಯೂರಿದ ರೇಷ್ಮೆಯ ವ್ಯವಸಾಯವು ಬೆಳೆದು, 1912ರಲ್ಲಿ ಮೈಸೂರಿನಲ್ಲಿ ಸರ್ಕಾರದ ನೇಯ್ಗೆಯ ಕಾರ್ಖಾನೆ ಆರಂಭವಾಯಿತು. ಗೂಡಿನಿಂದ ನೂಲು ತೆಗೆಯುವ ಕೆಲಸ ನರಸೀಪುರದ ಕಾರ್ಖಾನೆಯಲ್ಲಿ ಬಹುಕಾಲ ನಡೆಯಿತು. ಇವೆಲ್ಲಕ್ಕೆ ಲೆಕ್ಕಪತ್ರಗಳುಂಟು. ಕುಚ್ಚು ಕಟ್ಟಿದವರ ಹೆಸರು ಮಾತ್ರ ಆ ಕಡತಗಳಿಗೆ ಸೇರುವಂಥದಲ್ಲ. ಏಕೆಂದರೆ ಆ ಕೆಲಸ ನಡೆಯುವುದು ಕಾರ್ಖಾನೆಯ ಬಾಗಿಲಿನ ಹೊರಗೆ, ಜಗಲಿಯ ಮೇಲೆ.

ಗಂಟಿನ ವಿದ್ಯೆ ನಮ್ಮವರಿಗೆ ಹೊಸದಲ್ಲ. ನಂಜನಗೂಡು ಬಾಳೆಯ ನಾಡು. ಬಾಳೆಯ ನಾರಿನಲ್ಲಿ ಮಲ್ಲಿಗೆಯ ಮೊಗ್ಗನ್ನು ಸೂಜಿಯಿಲ್ಲದೆ ಕಟ್ಟುವ ಬೆರಳುಗಳಿಗೆ ಕುಣಿಕೆಯ ಮರ್ಮವನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಆ ಬೆರಳುಗಳಿಗೆ ತುದಿಯಲ್ಲಿ ಕೊಕ್ಕೆಯುಳ್ಳ ಒಂದು ಕಡ್ಡಿ ಸಿಕ್ಕಿತು. ಅದೇ ಕ್ರೋಶಾ ಕಡ್ಡಿ.

ಈ ಕಡ್ಡಿಯ ಚರಿತ್ರೆ ದೂರದ್ದು. ಎರಡು ಕಡ್ಡಿಗಳ ಹೆಣಿಗೆ ಬಹು ಹಳೆಯದು. ಮಧ್ಯಯುಗದ ಈಜಿಪ್ಟಿನ ಹತ್ತಿಯ ಕಾಲುಚೀಲಗಳು ವಸ್ತುಸಂಗ್ರಹಾಲಯಗಳಲ್ಲಿ ಇಂದಿಗೂ ಇವೆ. ಒಂದೇ ಕೊಕ್ಕೆಯ ಹೆಣಿಗೆ ಯೂರೋಪಿನಲ್ಲಿ ಹರಡಿದ್ದು 19ನೆಯ ಶತಮಾನದಲ್ಲಿ. 1845ರ ಅನಂತರ ಐರ್ಲೆಂಡಿನಲ್ಲಿ ಆಲೂಗಡ್ಡೆಯ ಬೆಳೆ ಕೆಟ್ಟು ಕ್ಷಾಮ ಬಂದಾಗ ಕ್ರೈಸ್ತ ಸಂನ್ಯಾಸಿನಿಯರು ಇದನ್ನು ಬಡ ಹೆಂಗಸರಿಗೆ ಕಲಿಸಿ ಹೊಟ್ಟೆಗೆ ದಾರಿ ಮಾಡಿದರು. ಮಿಷನರಿಗಳೊಡನೆ ಅದು ಭಾರತಕ್ಕೂ ಬಂತು. ಗೋದಾವರಿಯ ತೀರದ ನರಸಾಪುರ ಲೇಸಿಗೆ ಹೆಸರಾದುದು ಹೀಗೆಯೇ. (ಹೆಸರಿನ ಹೋಲಿಕೆಯಿಂದ ನಮ್ಮ ನರಸೀಪುರವೆಂದು ಭ್ರಮಿಸಬಾರದು.) ಹೆಣ್ಣುಮಕ್ಕಳ ಶಾಲೆಗಳಲ್ಲಿ ಹೊಲಿಗೆ ಹೆಣಿಗೆಗಳು ಪಾಠವಾದವು, ಮೇಜಿನ ಹಾಸು, ಕುಲಾವಿ, ಬಾಗಿಲಿನ ತೋರಣಗಳು ಮನೆ ಸೇರಿದವು.

ಆದರೆ ಎರಡು ಕಡ್ಡಿಯ ಉಣ್ಣೆಯ ಹೆಣಿಗೆ ನಮ್ಮಲ್ಲಿ ಕೂಸಿನ ಟೋಪಿಯನ್ನೂ ಮುದುಕರ ಮಫ್ಲರನ್ನೂ ದಾಟಿ ಹೆಚ್ಚು ದೂರ ಹೋಗಲಿಲ್ಲ. ಮೈಸೂರಿನ ಹವೆಗೆ ಅದು ಬೇಕಿರಲಿಲ್ಲವೆಂದು ನನ್ನ ಊಹೆ. ಕೊಕ್ಕೆ ಕಡ್ಡಿಯಾದರೋ ಸೀರೆಯ ಸೆರಗನ್ನು ಹಿಡಿದುಕೊಂಡಿತು. ಅಂಚಿನ ಬಟ್ಟೆಯೊಳಗೆ ಕಡ್ಡಿಯನ್ನು ತೂರಿಸಿ ದಾರವನ್ನೆಳೆದು, ಸರಪಳಿಯಂತೆ ಕುಣಿಕೆ ಹಾಕಿ, ನಡುನಡುವೆ ಮಣಿ ಕೋದು, ಕೆಳಗೆ ಕುಚ್ಚು ಇಳಿಬಿಡುವ ಬಗೆ ಈಗ ಮದುವೆಯ ಸೀರೆಗಳಿಗೆ ತಪ್ಪದು. ನರಸೀಪುರದ ಸಮೀಪದ ಸೋಮನಾಥಪುರದಲ್ಲಿ, 13ನೆಯ ಶತಮಾನದ ಶಿಲ್ಪಿಗಳು ಕಲ್ಲಿನ ನಡುಪಟ್ಟಿಗಳಿಂದ ಇಳಿಬಿಟ್ಟ ಸರಗಳನ್ನು ನೋಡಿದವರಿಗೆ ಈ ಅಭಿರುಚಿ ಪರಕೀಯವೆಂದು ತೋರದು.

ಇದರ ಸೊಗಸು ಒಬ್ಬಳೇ ಕುಳಿತು ಮಾಡುವುದರಲ್ಲಿಲ್ಲ. ಮಧ್ಯಾಹ್ನದ ಕೆಲಸ ಮುಗಿದ ಮೇಲೆ ಅತ್ತೆ, ಸೊಸೆ, ಪಕ್ಕದ ಮನೆಯ ಅಕ್ಕ ಎಲ್ಲರೂ ಕೂಡುವರು. ಒಬ್ಬಳ ಹೊಸ ಮಾದರಿಯನ್ನು ಇನ್ನೊಬ್ಬಳು ಬಾಯಿಬಿಟ್ಟು ಕೇಳದೆ, ಓರೆಗಣ್ಣಿನಲ್ಲಿ ಕುಣಿಕೆಗಳನ್ನೆಣಿಸಿಯೇ ಕಲಿತುಬಿಡುವಳು. ಮಾತು, ನಗೆ, ಊರಿನ ಸುದ್ದಿ. ತಪ್ಪಿದ ಸಾಲನ್ನು ಬಿಚ್ಚಿದಾಗ ಒಂದಿಷ್ಟು ಪರಿಹಾಸ. ನವರಾತ್ರಿಯ ಗೊಂಬೆಗಳ ಉಡುಪಿಗೂ ಇದೇ ಕೂಟದಲ್ಲಿ ಹಂಚಿಕೆ ನಡೆಯುವುದುಂಟು.

ಈ ನಗೆಯೇ ಆ ಹೆಂಗಸರಿಗೆ ಒಮ್ಮೊಮ್ಮೆ ನಷ್ಟವನ್ನೂ ತಂದಿದೆ. ಜರ್ಮನಿಯ ವಿದುಷಿ ಮಾರಿಯಾ ಮೀಸ್ ನರಸಾಪುರದ ಲೇಸುಗಾರ್ತಿಯರನ್ನು ಕುರಿತು 1982ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಪರದೇಶದ ಪೇಟೆಗೆ ದುಡಿಯುವ ಆ ಹೆಂಗಸರನ್ನು ಮನೆಯಲ್ಲಿ ಬಿಡುವಿಗೆ ಹೆಣೆಯುವ ಗೃಹಿಣಿಯರೆಂದು ಎಣಿಸಿ, ಅದರ ನೆವದಲ್ಲೇ ಕೂಲಿಯನ್ನು ಇಳಿಸಿದ್ದರೆಂದು ಅವರು ತೋರಿಸಿಕೊಟ್ಟರು. ನಮ್ಮ ಜಗಲಿಗಳಿಗೂ ಆ ಮಾತು ಸಲ್ಲುತ್ತದೆ. ಅಂಗಡಿಯಲ್ಲಿ ಕುಚ್ಚಿಗೆ ಈಗ ಬೇರೆಯೇ ದರ. ಸೀರೆ ಚೀಲದಲ್ಲಿ ಯಾವುದೋ ಮನೆಗೆ ಹೋಗಿ ಕೆಲವು ದಿನಗಳಲ್ಲಿ ಕುಚ್ಚಿನೊಡನೆ ಹಿಂದಿರುಗುತ್ತದೆ. ಕೊಳ್ಳುವವರು ಮಣಿಯ ಬಣ್ಣವನ್ನು ಕುರಿತು ಚೌಕಾಸಿ ಮಾಡುವರು. ಆ ದರದಲ್ಲಿ ಕಟ್ಟಿದವಳ ಪಾಲೆಷ್ಟೆಂದು ಕೇಳುವವರು ವಿರಳ.